ರಿಂಕು ಸಿಂಗ್ ಬೇಸ್‌ಬಾಲ್ ಪಿಚರ್ ಆಗಿದ್ದು ಬರೀ ಪ್ರಚಾರಕ್ಕಾ?

ಚೆಂಡುಪ್ರೇಮಿ: ಐಪಿಎಲ್‌ನಲ್ಲಿ ಕೊನೆಯ ಓವರ್‌ಗೆ ಐದು ಸಿಕ್ಸರ್ ಹೊಡೆದ ರಿಂಕು ಅಲ್ಲ, ಅವನಿಗಿಂತ ಮುಂಚಿನ ಇನ್ನೊಬ್ಬ ರಿಂಕು ಸಿಂಗ್ ಇದ್ದಾನೆ. ಉತ್ತರ ಪ್ರದೇಶದ ಹಳ್ಳಿಯವನು, ಜಾವೆಲಿನ್ ಎಸೆಯುತ್ತಿದ್ದ. 2008ರಲ್ಲಿ ಬೇಸ್‌ಬಾಲ್ ಪಿಚರ್‌ಗಳನ್ನು (ಬ್ಯಾಟರ್‌ಗೆ ಚೆಂಡೆಸೆಯುವವರನ್ನು) ಹುಡುಕಲು ಅಮೆರಿಕದ ಏಜೆಂಟ್ ಜೆ.ಬಿ. ಬರ್ನ್‌ಸ್ಟೀನ್ ನಡೆಸಿದ 'ಮಿಲಿಯನ್ ಡಾಲರ್ ಆರ್ಮ್' ಸ್ಪರ್ಧೆ ಗೆದ್ದ. ಕ್ರಿಕೆಟ್ ದೇಶದಲ್ಲಿ ವೇಗದ ಕೈ ಹುಡುಕಲು ಬಂದವರಿಗೆ ಸಿಕ್ಕಿದ್ದು ಇಬ್ಬರು ಜಾವೆಲಿನ್ ಹುಡುಗರು, ಇವನು ಮತ್ತು ದಿನೇಶ್ ಪಟೇಲ್. ಅದೇ ನವೆಂಬರ್‌ನಲ್ಲಿ ಅಮೆರಿಕದ ಬೇಸ್‌ಬಾಲ್ ತಂಡ ಪಿಟ್ಸ್‌ಬರ್ಗ್ ಪೈರೇಟ್ಸ್ ಇಬ್ಬರನ್ನೂ ಸೇರಿಸಿಕೊಂಡಿತು. ಈಗ ಜನ ಅವನನ್ನು 2024ರವರೆಗೆ ಡಬ್ಲ್ಯೂಡಬ್ಲ್ಯೂಇ ಕುಸ್ತಿಯಲ್ಲಿದ್ದ ವೀರ್ ಮಹಾನ್ ಅಂತ ಗುರುತಿಸುತ್ತಾರೆ, ಪಿಚಿಂಗ್ ಬಗ್ಗೆ ಯಾರೂ ಮಾತೇ ಎತ್ತುವುದಿಲ್ಲ. ಬೇಜಾರಾಗುತ್ತದೆ.

ಮಲ್ನಾಡ್ ಮಗ: ಎತ್ತೋದಕ್ಕೆ ಏನಿದೆ ಗುರು? ಮೇಜರ್ ಲೀಗ್‌ನಲ್ಲಿ, ಅಂದರೆ ಅಲ್ಲಿನ ಅತಿ ಮೇಲಿನ ಮಟ್ಟದಲ್ಲಿ, ಒಂದು ಬಾಲ್ ಹಾಕಲಿಲ್ಲ. ಸ್ಪರ್ಧೆಯಲ್ಲಿ ಎಸೆದದ್ದು ಗಂಟೆಗೆ 140 ಕಿಲೋಮೀಟರ್, ಅಷ್ಟು ವೇಗ ಅಲ್ಲಿನ ಕಾಲೇಜು ಹುಡುಗರಲ್ಲೂ ಇರುತ್ತದೆ. ಭಾರತದ ಮಾರ್ಕೆಟ್ ಸಿಗಲಿ ಅಂತ ತಗೊಂಡದ್ದು, ಅಷ್ಟೇ.

ಎಡಗೈ: ಮಾರ್ಕೆಟ್ ಆಸೆ ಇದ್ದೇ ಇತ್ತು, ಅದನ್ನು ಒಪ್ಪೋಣ. ಆದರೆ ಬರೀ ಅದೇ ಆಗಿದ್ದರೆ ಒಂದು ಸೀಸನ್ ಆಡಿಸಿ ಫೋಟೋ ತೆಗೆಸಿ ಕಳಿಸಿದ್ದರೆ ಸಾಕಿತ್ತು, ಅಲ್ವಾ? ಬಲಗೈ ದಿನೇಶ್‌ನನ್ನು 2010ರಲ್ಲೇ ಬಿಟ್ಟರು. ಎಡಗೈ ರಿಂಕುವನ್ನು ಉಳಿಸಿಕೊಂಡರು. 2009ರ ಜುಲೈ 4ರಂದು ಹೊಸಬರು ಆಡುವ ಗಲ್ಫ್ ಕೋಸ್ಟ್ ಲೀಗ್‌ನಲ್ಲಿ ಮೊದಲ ಪಂದ್ಯ, ಅದೇ ತಿಂಗಳು ಅಮೆರಿಕದ ವೃತ್ತಿಪರ ಬೇಸ್‌ಬಾಲ್‌ನಲ್ಲಿ ಪಂದ್ಯ ಗೆದ್ದ ಮೊದಲ ಭಾರತೀಯ ಪಿಚರ್ ಅನ್ನಿಸಿಕೊಂಡ. 2011ಕ್ಕೆ ವೆಸ್ಟ್ ವರ್ಜೀನಿಯಾ ಪವರ್ ತಂಡ, ಅಂದರೆ ಮೈನರ್ ಲೀಗ್‌ನ (ಮೇಜರ್‌ಗಿಂತ ಕೆಳಗಿನ ಲೀಗ್‌ಗಳ) ಸಿಂಗಲ್ ಎ ಮಟ್ಟ, ಆಮೇಲೆ ಆಸ್ಟ್ರೇಲಿಯಾದಲ್ಲಿ ಕ್ಯಾನ್‌ಬೆರಾ ಕ್ಯಾವಲ್ರಿ ತಂಡಕ್ಕೂ ಆಡಿದ. ಸುಮ್ನೆ ಯಾರೂ ಮೆಟ್ಟಿಲು ಹತ್ತಿಸುವುದಿಲ್ಲ.

ವೀಣಾ, ಪಿಟ್ಸ್‌ಬರ್ಗ್: ಜನ ವೇಗ ಒಂದನ್ನೇ ನೋಡುತ್ತಾರೆ. ನನ್ನ ಮಗ ಇಲ್ಲಿ ಶಾಲೆಯ ತಂಡದಲ್ಲಿ ಪಿಚರ್, ಹಾಗಾಗಿ ಹತ್ತಿರದಿಂದ ನೋಡಿದ್ದೇನೆ. ಜಾವೆಲಿನ್‌ಗೆ ಉದ್ದದ ಓಟ ಇರುತ್ತದೆ. ಇಲ್ಲಿ 10 ಇಂಚು ಎತ್ತರದ ದಿಬ್ಬದ ಮೇಲೆ ರಬ್ಬರ್ ಪಟ್ಟಿಗೆ ಕಾಲು ತಾಗಿಸಿ ನಿಂತು, 18.44 ಮೀಟರ್ ದೂರದ ಪ್ಲೇಟ್ (ಬ್ಯಾಟರ್ ಪಕ್ಕ ನೆಲದಲ್ಲಿರುವ ಹಲಗೆ) ಮೇಲೆ, ಬ್ಯಾಟರ್‌ನ ಮೊಣಕಾಲಿಗೂ ಎದೆಗೂ ನಡುವೆ ಚೆಂಡು ಹೋಗಬೇಕು. ಎರಡು ಬೆರಳನ್ನು ಹೊಲಿಗೆಯ ಮೇಲೆ ಎಲ್ಲಿ ಇಡುತ್ತೀರಿ ಅನ್ನುವುದರ ಮೇಲೆ ಚೆಂಡಿನ ಓಟವೇ ಬೇರೆ. ಫಸ್ಟ್ ಬೇಸ್ ಅನ್ನುವ ಮೊದಲ ಠಾಣೆಯಲ್ಲಿ ಎದುರು ತಂಡದ ರನ್ನರ್ ಇದ್ದರೆ ಕಾಲು ಎತ್ತರಕ್ಕೆ ಎತ್ತುವ ಹಾಗಿಲ್ಲ, ಅಷ್ಟರಲ್ಲಿ ಅವನು ಸೆಕೆಂಡ್‌ಗೆ ಓಡಿಬಿಡುತ್ತಾನೆ. ಬಂಟ್ ಆದರೆ, ಅಂದರೆ ಬ್ಯಾಟರ್ ಚೆಂಡನ್ನು ಮೆಲ್ಲಗೆ ತಟ್ಟಿ ಹತ್ತಿರವೇ ಬೀಳಿಸಿದರೆ, ಓಡಿ ಬಂದು ಎತ್ತಬೇಕು. ಇಲ್ಲಿನ ಮಕ್ಕಳಿಗೆ ಇದು ಏಳೆಂಟು ವರ್ಷಕ್ಕೇ ಶುರು. ರಿಂಕು ಇದನ್ನೆಲ್ಲ ಕಲಿಯಲು ಕೂತಿದ್ದು 20ನೇ ವಯಸ್ಸಿನಲ್ಲಿ, ಜೊತೆಗೆ ಇಂಗ್ಲಿಷನ್ನೂ ಕಲಿಯುತ್ತಾ.

ಮಲ್ನಾಡ್ ಮಗ: ಮೇಡಂ, ಕಷ್ಟಪಟ್ಟಿದ್ದನ್ನು ನಾನು ಅಲ್ಲಗಳೆಯುತ್ತಿಲ್ಲ. ಆದರೆ ಸಿಂಗಲ್ ಎ ಮೇಲೆ ಹೈ ಎ, ಡಬಲ್ ಎ, ಟ್ರಿಪಲ್ ಎ ಇದೆ, ಆಮೇಲೆ ಮೇಜರ್. ಅಷ್ಟು ದೂರ ಬಾಕಿ ಇದ್ದವನನ್ನು ದೊಡ್ಡ ಪಿಚರ್ ಅಂದರೆ ಉಳಿದ ಸಾವಿರಾರು ಮೈನರ್ ಲೀಗ್ ಹುಡುಗರಿಗೆ ಅನ್ಯಾಯ.

ಚೆಂಡುಪ್ರೇಮಿ: ದೊಡ್ಡ ಪಿಚರ್ ಅಂತ ಯಾರು ಹೇಳಿದರು? ನಿಜವಾದ ಪಿಚರ್ ಅನ್ನುತ್ತಿದ್ದೇನೆ, ಅಷ್ಟೇ. ಮೊಣಕೈ ಕೈಕೊಡದಿದ್ದರೆ ಇನ್ನೂ ಎರಡು ಮೆಟ್ಟಿಲು ಹತ್ತುತ್ತಿದ್ದನೋ ಏನೋ.

ಎಡಗೈ: ಅದು ಮುಖ್ಯ. ಅವನಿಗೆ ಆಗಿದ್ದು ಟಾಮಿ ಜಾನ್ ಸರ್ಜರಿ. ಮೊಣಕೈಯ ಒಳಬದಿಯ ಹರಿದ ಲಿಗಮೆಂಟ್ ಜಾಗಕ್ಕೆ ಬೇರೆ ಕಡೆಯ ಸ್ನಾಯುರಜ್ಜು ತಂದು ಕಟ್ಟುತ್ತಾರೆ, ಮತ್ತೆ ಎಸೆಯಲು ವರ್ಷಕ್ಕಿಂತ ಜಾಸ್ತಿ ಹಿಡಿಯುತ್ತದೆ. ಚಿಕ್ಕಂದಿನಿಂದ ಆಡಿದವರಿಗೆ ಹಳೆಯ ಅಭ್ಯಾಸವಾದರೂ ಇರುತ್ತದೆ, ಇವನು ಕಲಿಯಲು ಶುರುಮಾಡಿ ಕೆಲವೇ ವರ್ಷ ಆಗಿತ್ತು.

ಮಲ್ನಾಡ್ ಮಗ: ಗಾಯ ಆಗದಿದ್ದರೂ ಡಬಲ್ ಎ ದಾಟುತ್ತಿರಲಿಲ್ಲ ಅಂತಲೇ ನನ್ನ ಅಭಿಪ್ರಾಯ. ವೇಗ ಸಾಲದು.

ವೀಣಾ, ಪಿಟ್ಸ್‌ಬರ್ಗ್: ಎಡಗೈ ರಿಲೀವರ್‌ಗೆ (ಪಂದ್ಯದ ಮಧ್ಯೆ ಬದಲಿಯಾಗಿ ಇಳಿಯುವ ಪಿಚರ್‌ಗೆ) ವೇಗವೇ ಎಲ್ಲ ಅಲ್ಲ. ಎಡಗೈ ಬ್ಯಾಟರ್ ಬಂದಾಗ ಅವನೊಬ್ಬನನ್ನು ಔಟ್ ಮಾಡಲೆಂದೇ ಆಗ ತಂಡಗಳು ಅಂಥವರನ್ನು ಇಳಿಸುತ್ತಿದ್ದವು, 35 ದಾಟಿದವರೂ ಆ ಕೆಲಸದಲ್ಲಿ ಉಳಿದಿದ್ದರು. ಪೈರೇಟ್ಸ್ ಅವನನ್ನು ಗಾಯದ ಮೇಲೂ ಬಿಡದೆ ಇಟ್ಟುಕೊಂಡದ್ದು ಅದಕ್ಕೇ ಅಂತ ನಾನು ನಂಬುತ್ತೇನೆ.