ಹೊಸ ಟೈರು ರಿಮ್ಮಿನ ಮೇಲೆ ಸಮನಾಗಿ ಕೂರುತ್ತಿಲ್ಲ, ಒಂದೇ ಜಾಗದಲ್ಲಿ ತಗ್ಗು

ಕೆಲಗೇರಿ_ದಂಡೆ, ಧಾರವಾಡ, ರಾತ್ರಿ 9:10

ಮೂರು ದಿನಗಳಿಂದ ಒಂದೇ ಟೈರಿನೊಂದಿಗೆ ಗುದ್ದಾಡಿ ಸಾಕಾಗಿದೆ. ಮೌಂಟನ್ ಬೈಕಿನ ಹಿಂದಿನ ಗಾಲಿಗೆ ಹೊಸ ಟೈರು ಹಾಕಿದ್ದೇನೆ. ಗಾಳಿ ತುಂಬಿ ಗಾಲಿಯನ್ನು ಎತ್ತಿ ತಿರುಗಿಸಿದರೆ, ಟೈರಿನ ಮಗ್ಗುಲಲ್ಲಿ ರಿಮ್ಮಿನ ಅಂಚಿಗೆ ಹೊಂದಿಕೊಂಡು ಓಡುವ ಸಣ್ಣ ಗೆರೆ ಒಂದು ಗೇಣಿನಷ್ಟು ಜಾಗದಲ್ಲಿ ರಿಮ್ಮಿನೊಳಗೆ ಇಳಿದು ಕಾಣದಾಗುತ್ತದೆ, ಆಮೇಲೆ ಮತ್ತೆ ಮೇಲೆ ಬರುತ್ತದೆ. ಡಾಂಬರಿನ ಮೇಲೆ ಹೋದರೆ ಪ್ರತಿ ಸುತ್ತಿಗೊಮ್ಮೆ ಸೀಟಿನ ಕೆಳಗಿನಿಂದ ಯಾರೋ ಗುದ್ದಿದ ಹಾಗೆ ಆಗುತ್ತದೆ. ಸಾಬೂನು ನೀರು ಹಚ್ಚಿದೆ, ಗಾಳಿ ಬಿಟ್ಟು ಮತ್ತೆ ಹೊಡೆದೆ, ಎರಡೂ ಕೈಗಳಿಂದ ಟೈರನ್ನು ಎಳೆದೆ. ಟೈರು ಕೊಂಡ ಅಂಗಡಿಯ ಕಾಕಾ ಅವರು ನಾಲ್ಕು ದಿನ ಓಡಿಸಿದರೆ ತಾನೇ ಕೂರುತ್ತದೆ ಎಂದರು; ಓಡಿಸಿದೆ, ಕೂರಲಿಲ್ಲ. ಟೈರೇ ಕೆಟ್ಟದ್ದು ಎಂಬ ಉತ್ತರವನ್ನು ದಯವಿಟ್ಟು ಯಾರೂ ಕೊಡಬೇಡಿ, ಏಕೆಂದರೆ ಅದನ್ನು ಹಿಂದಕ್ಕೆ ಪಡೆಯುವುದಿಲ್ಲವೆಂದು ಅವರು ಆಗಲೇ ಹೇಳಿಬಿಟ್ಟಿದ್ದಾರೆ.

ಹಳೇಕಡ್ಡಿ, ಹುಬ್ಬಳ್ಳಿ, ರಾತ್ರಿ 9:42

ಸರ್, ಇದು ಟೈರಿನ ದೋಷವಲ್ಲ, ರಿಮ್ಮಿನ ಔಟ್, ಅಂದರೆ ರಿಮ್ ನೇರವಾಗಿ ಸುತ್ತದಿರುವುದು. ಅಡ್ಡಡ್ಡ ಓಲಾಡುವ ಔಟ್ ಎಲ್ಲರ ಕಣ್ಣಿಗೂ ಬೀಳುತ್ತದೆ, ಮೇಲೆ ಕೆಳಗೆ ಏರಿಳಿಯುವ ಔಟ್ ಬೀಳುವುದಿಲ್ಲ. ನೀವು ಹೇಳುವ ಗುದ್ದು ಈ ಎರಡನೆಯದು. ತಗ್ಗು ಇರುವಲ್ಲಿ ಕಡ್ಡಿಗಳನ್ನು ಒಂದೊಂದಾಗಿ ಬೆರಳಿನಿಂದ ಮೀಟಿ ನೋಡಿ. ಅಕ್ಕಪಕ್ಕದ ಕಡ್ಡಿಗಳಿಗಿಂತ ಏರಿದ ಸ್ವರ ಬಂದರೆ ಅವು ರಿಮ್ಮನ್ನು ಒಳಕ್ಕೆ ಎಳೆಯುತ್ತಿವೆ ಎಂದರ್ಥ. ಕಡ್ಡಿಯ ತುದಿಯ ನಟ್ಟನ್ನು, ಅಂದರೆ ನಿಪ್ಪಲ್ಲನ್ನು, ಒಮ್ಮೆಗೆ ಕಾಲು ಸುತ್ತಿಗಿಂತ ಹೆಚ್ಚು ತಿರುಗಿಸದೆ ನಿಧಾನವಾಗಿ ಸಡಿಲಿಸಿ. ಇಂತಹ ಗಾಲಿಗಳನ್ನು ನಾನು ಎಷ್ಟು ಸರಿಮಾಡಿದ್ದೇನೆ ಎಂಬುದಕ್ಕೆ ಲೆಕ್ಕವಿಲ್ಲ.

ಕಪ್ಪತಗುಡ್ಡ29, ಗದಗ, ರಾತ್ರಿ 10:25

ಔಟ್ ತೆಗೆಯುವ ಮೊದಲು ಒಂದು ಮಾತು. ರಿಮ್ ಏರಿಳಿದರೆ ಟೈರೂ ಅದರೊಂದಿಗೇ ಏರಿಳಿಯುತ್ತದೆ, ಗೆರೆಗೂ ರಿಮ್ಮಿನ ಅಂಚಿಗೂ ನಡುವಿನ ಅಂತರ ಮಾತ್ರ ಬದಲಾಗುವುದಿಲ್ಲ. ಇಲ್ಲಿ ಅಂತರವೇ ಬದಲಾಗಿದೆ ಎಂದಮೇಲೆ ಟೈರಿನ ಬೀಡ್, ಅಂದರೆ ರಿಮ್ಮಿನೊಳಗೆ ಕೂರುವ ಅದರ ಗಟ್ಟಿ ಅಂಚು, ತನ್ನ ಜಾಗಕ್ಕೆ ಏರಿಲ್ಲ ಎಂದೇ ಅರ್ಥ. ಇದು ಟ್ಯೂಬಿನ ಟೈರೋ, ಟ್ಯೂಬ್‌ಲೆಸ್ಸೋ? ಅಳತೆ ಎಷ್ಟು? ಗಾಳಿಯ ಒತ್ತಡ ಎಷ್ಟು ಪಿಎಸ್‌ಐ ಹೊಡೆದಿರಿ? ಇವುಗಳಲ್ಲಿ ಒಂದನ್ನೂ ನೀವು ಬರೆದಿಲ್ಲ. ನನ್ನ 29 ಇಂಚಿನ ಟ್ಯೂಬ್‌ಲೆಸ್ ಟೈರುಗಳನ್ನು ಪೆಟ್ರೋಲ್ ಬಂಕಿನ ಕಂಪ್ರೆಸರ್‌ನಿಂದ ಕ್ಷಣದಲ್ಲಿ ಕೂರಿಸುತ್ತೇನೆ. ಕಪ್ಪತಗುಡ್ಡದ ಕಲ್ಲುದಾರಿಯಲ್ಲಿ ಈವರೆಗೆ ಒಮ್ಮೆಯೂ ಕಳಚಿಲ್ಲ.

ಹಳೇಕಡ್ಡಿ, ರಾತ್ರಿ 10:40

ಬಂಕಿನ ಗಾಳಿಯ ಸಲಹೆಯನ್ನು ದಯವಿಟ್ಟು ಹೊಸಬರಿಗೆ ಕೊಡಬೇಡಿ. ಕಾರಿನ ಟೈರಿನೊಳಗಿನ ಜಾಗದ ಮುಂದೆ ಸೈಕಲ್ ಟೈರಿನದು ಬಹಳ ಕಡಿಮೆ, ಹೀಗಾಗಿ ಎರಡು ಮೂರು ಸೆಕೆಂಡಿನಲ್ಲಿ ಒತ್ತಡ ಮಿತಿ ಮೀರುತ್ತದೆ, ಅರೆಬರೆ ಕೂತ ಟೈರು ರಿಮ್ಮಿನಿಂದ ಹಾರಿ ಟ್ಯೂಬ್ ಒಡೆಯುತ್ತದೆ. ಔಟ್ ಇಲ್ಲವೆಂದು ನೋಡದೆಯೇ ಹೇಳಲೂ ಬಾರದು. ರಿಮ್ಮಿನ ಅಂಚು ಕಲ್ಲಿಗೆ ಬಡಿದು ಒಳಕ್ಕೆ ಮಡಚಿದ್ದರೂ ಬೀಡ್ ಏರುವುದಿಲ್ಲ.

ಬ್ಯಾಡಗಿ_ಪೆಡಲ್, ಹಾವೇರಿ ಜಿಲ್ಲೆ, ರಾತ್ರಿ 11:05

ಸಾಬೂನು ನೀರು ಬೇಗ ಆರುತ್ತದೆ. ಸ್ವಲ್ಪ ಕೊಬ್ಬರಿ ಎಣ್ಣೆ ಸವರಿದರೆ ತಾನಾಗಿ ಜಾರಿ ಕೂರುತ್ತದೆ, ನಾನು ಹಾಗೆಯೇ ಮಾಡುತ್ತೇನೆ.

ಕಪ್ಪತಗುಡ್ಡ29, ರಾತ್ರಿ 11:12

ಎಣ್ಣೆ ಬೇಡವೇ ಬೇಡ. ಅದು ಆರುವುದಿಲ್ಲ, ಆದ್ದರಿಂದ ಜೋರಾಗಿ ಬ್ರೇಕ್ ಹಾಕಿದಾಗ ಟೈರು ರಿಮ್ಮಿನ ಮೇಲೆ ಜರುಗಿ ವಾಲ್ವನ್ನು ಎಳೆಯುತ್ತದೆ, ಮೇಲಾಗಿ ರಬ್ಬರನ್ನೂ ಹಾಳುಮಾಡುತ್ತದೆ. ಒಂದು ಹನಿ ಡಿಸ್ಕಿಗೆ ತಾಗಿದರೆ ಬ್ರೇಕ್ ಹೋದಂತೆಯೇ. ಸಾಬೂನು ನೀರು ಆರುತ್ತದೆ ಎಂಬುದೇ ಅದರ ಗುಣ. ಕೂರುವವರೆಗೆ ಜಾರಬೇಕು, ಕೂತ ಮೇಲೆ ಹಿಡಿಯಬೇಕು.

ಕೆಲಗೇರಿ_ದಂಡೆ, ಮರುದಿನ ಬೆಳಿಗ್ಗೆ 7:30

ವಿವರ ಬಿಟ್ಟದ್ದಕ್ಕೆ ಕ್ಷಮೆಯಿರಲಿ, ಎಲ್ಲರಿಗೂ ತಿಳಿದೇ ಇರುತ್ತದೆ ಎಂದುಕೊಂಡಿದ್ದೆ. ಟ್ಯೂಬಿನ ಟೈರು, 27.5 ಇಂಚು, 2.25 ಅಗಲ, ಮಗ್ಗುಲಲ್ಲಿ 57-584 (ಮಿಲಿಮೀಟರಿನಲ್ಲಿ ಅಗಲ ಮತ್ತು ಬೀಡ್ ಕೂರುವ ಜಾಗದ ವ್ಯಾಸ) ಎಂದಿದೆ, ರಿಮ್ಮಿನ ಮೇಲೂ 584 ಎಂದೇ ಇದೆ. ಟೈರಿನ ಮೇಲೆ ಗರಿಷ್ಠ 65 ಪಿಎಸ್‌ಐ ಎಂದು ಅಚ್ಚಾಗಿದೆ, ನಾನು 45 ಹೊಡೆದಿದ್ದೇನೆ. ಫ್ರೇಮಿನ ಹಿಂಬದಿಯ ಕೊಳವೆಗೆ ಪೆನ್ಸಿಲ್ ಕಟ್ಟಿ ಗಾಲಿ ತಿರುಗಿಸಿ ನೋಡಿದೆ: ರಿಮ್ಮಿನ ಅಂಚು ಅಡ್ಡಕ್ಕಾಗಲಿ ಎತ್ತರದಲ್ಲಾಗಲಿ ಒಂದು ಮಿಲಿಮೀಟರ್ ಕೂಡ ಕದಲಲಿಲ್ಲ, ಎಲ್ಲಿಯೂ ಮಡಚಿಲ್ಲ. ತಗ್ಗು ಪ್ರತಿ ಸಲವೂ ವಾಲ್ವಿಗೆ ನೇರ ಎದುರಿನ ಜಾಗದಲ್ಲೇ ಬರುತ್ತಿದೆ. ಟೈರನ್ನು ತಿರುಗಿಸಿ ಬೇರೆ ಕಡೆಯಿಂದ ಹಾಕಿದರೂ ತಗ್ಗು ಅಲ್ಲೇ ಉಳಿಯಿತು. ಅಂದಹಾಗೆ, ಟ್ಯೂಬಿನ ಕೆಳಗೆ ರಿಮ್ಮಿಗೆ ಸುತ್ತುವ ಹಳೆಯ ರಿಮ್ ಟೇಪ್ ಹರಿದಿತ್ತು, ಆದ್ದರಿಂದ ಟೈರಿನ ಜೊತೆಗೇ ಹೊಸ ಪಟ್ಟಿಯನ್ನೂ ಹಾಕಿಕೊಂಡೆ, ಅದರಲ್ಲೇನೂ ತೊಂದರೆಯಿಲ್ಲ.

ಹಳೇಕಡ್ಡಿ, ಬೆಳಿಗ್ಗೆ 8:02

ಪೆನ್ಸಿಲ್ ಕಟ್ಟಿ ನೋಡುವುದು ಔಟ್ ತೆಗೆಯುವ ಸ್ಟ್ಯಾಂಡಿನ ಮೇಲೆ ನೋಡಿದ್ದಕ್ಕೆ ಸಮವಲ್ಲ. ಕಡ್ಡಿಗಳನ್ನು ಮೀಟಿ ನೋಡಿದಿರಾ?

ಎರೆಹೊಲ, ಅಣ್ಣಿಗೇರಿ, ಬೆಳಿಗ್ಗೆ 8:50

ಟೈರು ತಿರುಗಿಸಿದರೂ ತಗ್ಗು ರಿಮ್ಮಿನ ಅದೇ ಜಾಗದಲ್ಲಿ ಉಳಿದಿದೆ ಎಂದರೆ ಟೈರು ನಿರಪರಾಧಿ. ಆ ಪಟ್ಟಿ ಯಾವುದು? ಎಷ್ಟು ಅಗಲ? ಎರಡು ತುದಿಗಳನ್ನು ಎಲ್ಲಿ ಸೇರಿಸಿದಿರಿ?

ಕೆಲಗೇರಿ_ದಂಡೆ, ಬೆಳಿಗ್ಗೆ 9:15

ಬೈಕಿನ ಹಳೆಯ ಟ್ಯೂಬನ್ನು ಉದ್ದುದ್ದ ಕತ್ತರಿಸಿದ ಪಟ್ಟಿ, ಸುಮಾರು 30 ಮಿಲಿಮೀಟರ್ ಅಗಲ. ವಾಲ್ವಿನ ಹತ್ತಿರ ಉಬ್ಬಬಾರದೆಂದು ತುದಿಗಳನ್ನು ಅದರ ಎದುರಿಗೆ ಒಂದರ ಮೇಲೊಂದು ಇಟ್ಟು ಅಂಟಿಸಿದ್ದೇನೆ.

ಎರೆಹೊಲ, ಬೆಳಿಗ್ಗೆ 9:40

ಅಲ್ಲಿಯೇ ಇದೆ ನಿಮ್ಮ ತಗ್ಗು. ರಿಮ್ಮನ್ನು ಅಡ್ಡಲಾಗಿ ಕೊಯ್ದಂತೆ ಕಲ್ಪಿಸಿಕೊಳ್ಳಿ: ನಡುವೆ ಕಾಲುವೆ, ಅದರ ಎರಡೂ ದಂಡೆಗಳಲ್ಲಿ ಬೀಡ್ ಕೂರುವ ಕಿರಿದಾದ ಕಟ್ಟೆ, ಆಚೆ ಅಂಚಿನ ಗೋಡೆ. ಟೈರು ಹಾಕುವಾಗ ಬೀಡ್ ಕಾಲುವೆಗೆ ಬೀಳುತ್ತದೆ, ಗಾಳಿ ಹೊಡೆದಂತೆ ಜಾರಿ ಕಟ್ಟೆಗೆ ಏರಬೇಕು. ಪಟ್ಟಿಯ ಕೆಲಸ ಕಡ್ಡಿಯ ರಂಧ್ರಗಳನ್ನು ಮುಚ್ಚಿ ಟ್ಯೂಬನ್ನು ಕಾಯುವುದು ಮಾತ್ರ, ಕಟ್ಟೆಯನ್ನು ಅದು ಮುಟ್ಟಬಾರದು. ನಿಮ್ಮ ರಿಮ್ಮಿನ ಒಳ ಅಗಲ 30ಕ್ಕಿಂತ ಕಡಿಮೆಯಿದ್ದರೆ ಪಟ್ಟಿ ಎರಡೂ ಕಟ್ಟೆಗಳನ್ನು ಹತ್ತಿ ಕೂತಿದೆ. ಅದೂ ರಬ್ಬರು, ರಬ್ಬರಿನ ಮೇಲೆ ರಬ್ಬರು ಜಾರುವುದಿಲ್ಲ, ಕಚ್ಚಿಕೊಳ್ಳುತ್ತದೆ. ಒಂದು ಪದರವಿರುವಲ್ಲಿ ಬೀಡ್ ಹೇಗೋ ಹೆಣಗಿ ಏರಿದೆ, ಎರಡು ಪದರ ಸೇರಿದಲ್ಲಿ ಕಟ್ಟೆಯ ಎತ್ತರವೇ ಹೆಚ್ಚಿರುವುದರಿಂದ ಏರಲಾಗದೆ ಕಾಲುವೆಯಲ್ಲೇ ಉಳಿದಿದೆ. ಟ್ಯೂಬಿನ ಪಟ್ಟಿ ಹಳೆಯ ಕಬ್ಬಿಣದ ರಿಮ್ಮುಗಳಿಗೆ ನಡೆಯುತ್ತಿತ್ತು, ನಮ್ಮ ಮನೆಯ ಹಳೆಯ 28 ಇಂಚಿನ ಸೈಕಲ್ಲಿನಲ್ಲಿ ಇಂದಿಗೂ ಇದೆ. ಆದರೆ ಈ ರಿಮ್ಮುಗಳಲ್ಲಿ ಅಷ್ಟು ಸಡಿಲವಿರುವುದಿಲ್ಲ.

ಪಟ್ಟಿ ಕಿತ್ತು, ಕಾಲುವೆಯಲ್ಲಷ್ಟೇ ಮಲಗುವ ತೆಳ್ಳನೆಯ ಬಟ್ಟೆಯ ಟೇಪ್ ಹಾಕಿ. ಟ್ಯೂಬಿಗೆ ಪೌಡರ್ ಸವರಿ, ಗುಂಡಗೆ ಆಗುವಷ್ಟೇ ಗಾಳಿ ತುಂಬಿ ಒಳಗಿಡಿ. ಟೈರನ್ನು ವಾಲ್ವಿನ ಎದುರಿನಿಂದ ಹಾಕಲು ಶುರುಮಾಡಿ ವಾಲ್ವಿನ ಬಳಿ ಮುಗಿಸಿ, ಏಕೆಂದರೆ ವಾಲ್ವಿನ ಬುಡ ಕಾಲುವೆಯನ್ನು ತುಂಬಿರುವುದರಿಂದ ಅಲ್ಲಿ ಮೊದಲು ಹಾಕಿದರೆ ಕೊನೆಯ ಭಾಗ ಬಿಗಿಯಾಗುತ್ತದೆ. ಮುಗಿದ ಮೇಲೆ ವಾಲ್ವನ್ನು ಒಳಕ್ಕೊಮ್ಮೆ ತಳ್ಳಿ ಎಳೆಯಿರಿ. ಕೈಪಂಪಿನಿಂದಲೇ 55ರವರೆಗೆ ಹೋಗಿ, 65 ದಾಟಬೇಡಿ. ರಿಮ್ಮಿನ ಮೇಲೆ ಅದಕ್ಕಿಂತ ಕಡಿಮೆ ಮಿತಿ ಬರೆದಿದ್ದರೆ ಅದೇ ನಿಮ್ಮ ಮಿತಿ.

ಕೆಲಗೇರಿ_ದಂಡೆ, ಸಂಜೆ 6:20

ರಿಮ್ಮಿನ ಒಳ ಅಗಲ ಅಳೆದೆ, 25 ಮಿಲಿಮೀಟರ್. ಪಟ್ಟಿ ಕಿತ್ತಾಗ ಎದುರಿನ ಜೋಡಣೆಯ ಮೇಲೆ ಬೀಡ್ ಒತ್ತಿದ ಗುರುತು ಗೆರೆ ಎಳೆದ ಹಾಗೆ ಮೂಡಿತ್ತು, ಮೂರು ದಿನ ನಾನು ಎಳೆದದ್ದು ಇದನ್ನೇ. ಬಟ್ಟೆಯ ಟೇಪ್ ಹಾಕಿ, ಸಾಬೂನು ನೀರು ಹಚ್ಚಿ ಗಾಳಿ ಹೊಡೆದಾಗ 40ರ ಹತ್ತಿರ ಡಿಸ್ಕಿನ ಕಡೆ, 50 ದಾಟಿದ ಮೇಲೆ ಗಿಯರಿನ ಕಡೆ ಟಪ್ಪೆಂದು ಸದ್ದು ಬಂತು. ಗಿಯರಿನ ಕಡೆ ಗೆರೆ ಇನ್ನೂ ಸ್ವಲ್ಪ ತಗ್ಗಿನಲ್ಲಿತ್ತು; ಗಾಳಿ ಪೂರ್ತಿ ಬಿಟ್ಟು ಅಲ್ಲಿಗೆ ಮಾತ್ರ ಮತ್ತೆ ನೀರು ಹಚ್ಚಿ ಹೊಡೆದ ಮೇಲೆ ಸುತ್ತಲೂ ಸಮವಾಯಿತು. 30ಕ್ಕೆ ಇಳಿಸಿಕೊಂಡು ಕೆರೆಯ ದಂಡೆಯ ಮೇಲೆ ಒಂದು ಸುತ್ತು ಹೋಗಿಬಂದೆ, ಗುದ್ದು ಇಲ್ಲ. ಮುಂದಿನ ಗಾಲಿಗೂ ಅದೇ ಟ್ಯೂಬಿನ ಪಟ್ಟಿಯೇ ಇದೆ, ಆದರೆ ಅಲ್ಲಿ ಹಳೆಯ ಟೈರು ಸರಿಯಾಗಿ ಕೂತಿದೆ. ಅದನ್ನೂ ಬಿಚ್ಚಬೇಕೇ?

ಎರೆಹೊಲ, ಸಂಜೆ 6:45

ಹಳೆಯ ಟೈರಿನ ಬೀಡ್ ಬಳಸಿ ಬಳಸಿ ಸಡಿಲಾಗಿರಬಹುದು. ಈಗ ಬೇಡ, ಮುಂದಿನ ಪಂಕ್ಚರ್ ಆದಾಗ ಬದಲಿಸಿ.

ಹಳೇಕಡ್ಡಿ, ಸಂಜೆ 7:10

ಪಂಕ್ಚರಿಗೆ ಕಾಯುವ ಬದಲು ಭಾನುವಾರ ಹುಬ್ಬಳ್ಳಿಗೆ ಎರಡೂ ಗಾಲಿಗಳನ್ನು ತನ್ನಿ. ಕಡ್ಡಿಗಳನ್ನು ಮೀಟಿ ನೋಡಿದಿರೋ ಇಲ್ಲವೋ ನೀವು ಇನ್ನೂ ಹೇಳಿಲ್ಲ.