ಬರ್ಫರ್ಡ್‌ನ ಗೋರಿಯ ಮೇಲಿರುವುದು ಉಣ್ಣೆಯ ಮೂಟೆಯೇ?

ಕಲ್ಲುಪ್ರಿಯ: ಇಂಗ್ಲೆಂಡಿನ ಆಕ್ಸ್‌ಫರ್ಡ್‌ಶೈರ್‌ನ ಬರ್ಫರ್ಡ್‌ನಲ್ಲಿ, ಚರ್ಚಿನ ಅಂಗಳದಲ್ಲಿ 17ನೇ ಶತಮಾನದ ಕೊನೆಯ ಹೊತ್ತಿನ ಕಲ್ಲುಗೋರಿಗಳಿವೆ. ಕೆಳಗೆ ಪೆಟ್ಟಿಗೆಯಂಥ ಕಟ್ಟು. ಮೇಲೆ, ಉದ್ದಕ್ಕೆ ಸೀಳಿದ ದಿಮ್ಮಿಯನ್ನು ಬೋರಲು ಹಾಕಿದಂತೆ ಅರೆದುಂಡು ಕಲ್ಲು. ಅದರ ಮೈತುಂಬ ಆಳವಾದ ಗೀರುಗಳು. ಉಣ್ಣೆಯಿಂದ ಬದುಕಿದ ಊರು, ಆದ್ದರಿಂದ ಇದು ಹಗ್ಗ ಬಿಗಿದ ಉಣ್ಣೆಮೂಟೆ ಎನ್ನುತ್ತಾರೆ. ಅಲ್ಲಿಯವರು ಕರೆಯುವುದೂ ‘ಬೇಲ್ ಗೋರಿ’ ಎಂದೇ, ಬೇಲ್ ಎಂದರೆ ಮೂಟೆ.

ಹಳೆಯ ಮೇಷ್ಟರು: ಹೆಸರಿಟ್ಟ ಮಾತ್ರಕ್ಕೆ ಮೂಟೆಯಾಗುವುದಿಲ್ಲ ಸ್ವಾಮಿ. ಶವದ ಮೇಲೆ ಲೋಹದ ಕಮಾನು ನಿಲ್ಲಿಸಿ ಬಟ್ಟೆ ಹೊದಿಸುವ ರೂಢಿ ಅಲ್ಲಿತ್ತು. 1439ರಲ್ಲಿ ತೀರಿಕೊಂಡ ರಿಚರ್ಡ್ ಬೀಚಮ್‌ನ ಪ್ರತಿಮೆಯ ಮೇಲೆ, ವಾರಿಕ್‌ನಲ್ಲಿ, ಆ ಕಮಾನುಗಳು ಇಂದಿಗೂ ಇವೆ. ಬರ್ಫರ್ಡ್‌ನ ಕಲ್ಲುಕುಟಿಗ ಕೆತ್ತಿದ್ದು ಅದನ್ನೇ ಇರಬೇಕು.

ಕಂಬಳಿ: ಬೀಚಮ್ ಒಬ್ಬ ಅರ್ಲ್, ಅಂದರೆ ದೊಡ್ಡ ಪದವಿಯ ಕುಲೀನ. ಅವನ ಕಾಲಕ್ಕೂ ಈ ಗೋರಿಗಳಿಗೂ ಇನ್ನೂರು ವರ್ಷಕ್ಕೂ ಹೆಚ್ಚಿನ ಅಂತರ! ಹತ್ತಿರದ ಸಾಕ್ಷಿಯನ್ನು ನೋಡಿ. ಶವಕ್ಕೆ ಉಣ್ಣೆಬಟ್ಟೆಯನ್ನೇ ಸುತ್ತಬೇಕೆಂದು 1666ರಲ್ಲಿ ಕಾನೂನು ಬಂತು, 1678ರಲ್ಲಿ ಬಿಗಿಯಾಯಿತು. ತಪ್ಪಿದರೆ 5 ಪೌಂಡ್ ದಂಡ. ಉಣ್ಣೆಯ ವ್ಯಾಪಾರ ಕುಸಿಯದಿರಲೆಂದು ಸತ್ತವರ ಮೇಲೂ ಕೈಯಿಟ್ಟ ಕಾನೂನು.

ಹಳೆಯ ಮೇಷ್ಟರು: ಆ ಕಾನೂನು ಇಡೀ ಇಂಗ್ಲೆಂಡಿಗೆ ಅನ್ವಯಿಸುತ್ತಿತ್ತು. ಇಂಥ ಗೋರಿಗಳು ಕಾಣುವುದು ಮಾತ್ರ ಹೆಚ್ಚಾಗಿ ಬರ್ಫರ್ಡ್ ಇರುವ ಕಾಟ್ಸ್‌ವೊಲ್ಡ್ ಗುಡ್ಡಸೀಮೆಯ ಸುತ್ತಮುತ್ತ. ಏಕೆ?

ಕಂಬಳಿ: ಕುರಿಯೂ ಅಲ್ಲಿ, ಉಣ್ಣೆಯ ದುಡ್ಡೂ ಅಲ್ಲಿ. ನೀವೇ ನನ್ನ ವಾದವನ್ನು ಗೆಲ್ಲಿಸಿದಿರಿ.

ಉಳಿ: ಕಲ್ಲನ್ನು ಮರೆತಿರಿ. ಅಲ್ಲಿನ ಸುಣ್ಣಕಲ್ಲು ಗಣಿಯಿಂದ ತೆಗೆದಾಗ ಮೆತ್ತಗಿರುತ್ತದೆ, ಗಾಳಿಗೆ ಗಟ್ಟಿಯಾಗುತ್ತದೆ, ಕೆತ್ತುವವನಿಗೆ ಹಬ್ಬ. ಲಂಡನ್ನಿನ ಸೇಂಟ್ ಪಾಲ್ಸ್ ಮಹಾಚರ್ಚಿಗೆ ದುಡಿದ ಕಲ್ಲುಕುಟಿಗ ಕ್ರಿಸ್ಟೋಫರ್ ಕೆಂಪ್‌ಸ್ಟರ್ ಬರ್ಫರ್ಡ್‌ನವನೇ. ಅಂಥ ಕೈಗಳಿದ್ದ ಊರಿನಲ್ಲಿ ಇದು ಮೂಟೆಯೂ ಅಲ್ಲದ, ಕಮಾನೂ ಅಲ್ಲದ ಬರೀ ಅಲಂಕಾರ ಏಕಾಗಿರಬಾರದು? ತುದಿಯಲ್ಲಿ ಚಿಪ್ಪು, ಚಿಪ್ಪಿನೊಳಗೆ ತಲೆಬುರುಡೆ ಕೆತ್ತಿದ್ದೂ ಉಂಟು. ಉಣ್ಣೆಮೂಟೆಗೆ ಬುರುಡೆ ಏಕೆ?

ಕಲ್ಲುಪ್ರಿಯ: ಬುರುಡೆ ಗೋರಿಗೆ, ಮೂಟೆಗಲ್ಲ.

ಹಳೆಯ ಮೇಷ್ಟರು: ಇಂಗ್ಲೆಂಡಿನಲ್ಲಿರುವವರು ಯಾರಾದರೂ ಗೀರುಗಳ ಚಿತ್ರ ಹಾಕಿ. ಕಮಾನಾದರೆ ಗೀರು ನೇರ ಅಡ್ಡವಾಗಿರಬೇಕು, ಓರೆಯಾಗಿದ್ದರೆ ಸೋಲು ನನ್ನದು. ಆದರೆ ಚಿತ್ರ ಚೆನ್ನಾಗಿ ಬರಲೆಂದು ಕಲ್ಲುಹೂವನ್ನು ಕೆರೆಯಬೇಡಿ, ಅದರ ಜೊತೆ ಅಕ್ಷರವೂ ಉದುರೀತು.