1971–72 ಇಂಗ್ಲಿಷ್ ಲೀಗ್: ಮೇ 8ರ ರಾತ್ರಿಯ ಲೆಕ್ಕ ಸರಿಯಾಗಿ ಹಾಕೋದು ಹೇಗೆ?

ಅಂಕಪಟ್ಟಿ_ಪ್ರಿಯ:
ಇಂಗ್ಲೆಂಡಿನ ಫುಟ್‌ಬಾಲ್‌ನಲ್ಲಿ ಆಗ ಎಲ್ಲಕ್ಕಿಂತ ಮೇಲಿದ್ದ ಫಸ್ಟ್ ಡಿವಿಷನ್ ಲೀಗ್‌ನ 1971–72ರ ಕೊನೆಯ ಪಟ್ಟಿ: ಡರ್ಬಿ ಕೌಂಟಿ 58 ಪಾಯಿಂಟ್ (69 ಗೋಲು ಹೊಡೆದು 33 ಬಿಟ್ಟುಕೊಟ್ಟಿದೆ), ಲೀಡ್ಸ್ 57 (73–31), ಲಿವರ್‌ಪೂಲ್ 57 (64–30), ಮ್ಯಾಂಚೆಸ್ಟರ್ ಸಿಟಿ 57 (77–45). ಡರ್ಬಿಯ 42 ಪಂದ್ಯ ಮುಗಿದಿದ್ದು ಮೇ 1ಕ್ಕೆ. ಲೀಡ್ಸ್, ಲಿವರ್‌ಪೂಲ್ ಕೊನೆಯ ಪಂದ್ಯ ಆಡಿದ್ದು ಮೇ 8ಕ್ಕೆ. ಆ ರಾತ್ರಿ ಲೀಡ್ಸ್‌ಗೆ ಡ್ರಾ ಸಾಕಿತ್ತು. ಲೀಡ್ಸ್ ಸೋತರೆ ಲಿವರ್‌ಪೂಲ್‌ಗೆ ಗೆಲುವು ಸಾಕಿತ್ತು ಅಂತ ಎಲ್ಲ ಕಡೆ ಓದ್ತೀವಿ. ಆದರೆ ಎರಡರಲ್ಲೂ ಡರ್ಬಿ ಜೊತೆ 58–58 ಸಮ ಆಗುತ್ತೆ. ಗೋಲ್ ವ್ಯತ್ಯಾಸ (ಹೊಡೆದ ಗೋಲಿನಲ್ಲಿ ಬಿಟ್ಟುಕೊಟ್ಟಿದ್ದನ್ನು ಕಳೆಯೋದು) ಹಾಕಿದರೆ ಲಿವರ್‌ಪೂಲ್ 1–0 ಗೆದ್ದರೂ ಡರ್ಬಿಯೇ ಮೇಲೆ ನಿಲ್ಲುತ್ತೆ. ನಾನೆಲ್ಲಿ ತಪ್ತಾ ಇದ್ದೀನಿ? ಗೆಲುವಿಗೆ ಆಗಿನ 2ರ ಬದಲು 3 ಪಾಯಿಂಟ್ ಇದ್ದಿದ್ದರೆ ಪಟ್ಟಿ ಬದಲಾಗುತ್ತಿತ್ತಾ?

ಹಳೇ_ಡಿವಿಷನ್:
ನಿಮ್ಮ ಕೂಡು-ಕಳೆ ಸರಿ ಇದೆ ಸರ್, ಸೂತ್ರ ಆ ಕಾಲದ್ದಲ್ಲ. ಗೋಲ್ ವ್ಯತ್ಯಾಸ ಬಂದಿದ್ದು 1976–77ರಲ್ಲಿ. ಅದಕ್ಕೂ ಮುಂಚೆ ಇದ್ದದ್ದು ಗೋಲ್ ಸರಾಸರಿ: ಹೊಡೆದ ಗೋಲನ್ನು ಬಿಟ್ಟುಕೊಟ್ಟ ಗೋಲಿನಿಂದ ಭಾಗಿಸೋದು. ರಣಜಿ ಟ್ರೋಫಿಯ ಕೋಷಂಟ್ ಗೊತ್ತಿದ್ದವರಿಗೆ ಇದು ಹೊಸದಲ್ಲ.

ಡರ್ಬಿ 69÷33, ಅಂದರೆ 2.091. ಕೊನೆಯ ಪಂದ್ಯಕ್ಕೆ ಇಳಿಯುವಾಗ ಲಿವರ್‌ಪೂಲ್ ಹತ್ತಿರ 56 ಪಾಯಿಂಟ್, ಗೋಲು 64–30. ಆರ್ಸೆನಲ್ ಮೇಲೆ 1–0 ಗೆದ್ದಿದ್ದರೆ 65÷30, ಅಂದರೆ 2.167. ಟ್ರೋಫಿ ಲಿವರ್‌ಪೂಲ್‌ಗೆ. ಅದೇ ಗೋಲ್ ವ್ಯತ್ಯಾಸದಲ್ಲಿ ಲಿವರ್‌ಪೂಲ್ +35, ಡರ್ಬಿ +36. 2–0 ಆಗಿದ್ದರೂ +36ಕ್ಕೆ ಸಮ ಆಗಿ, ಹೆಚ್ಚು ಗೋಲು ಹೊಡೆದ ಡರ್ಬಿಯೇ ಮುಂದೆ. ಈಗಿನ ನಿಯಮದಲ್ಲಿ ಲಿವರ್‌ಪೂಲ್ ಆರ್ಸೆನಲ್ ಮೈದಾನ ಹೈಬರಿಗೆ ಹೋಗಿ ಮೂರು ಗೋಲಿನ ಅಂತರದಲ್ಲಿ ಗೆಲ್ಲಬೇಕಾಗಿತ್ತು. ಆಗಿನ ನಿಯಮದಲ್ಲಿ ಒಂದೇ ಗೋಲು ಸಾಕಿತ್ತು. ಆ ರಾತ್ರಿಯ ಪಂದ್ಯ 0–0. ಕೊನೆ ಗಳಿಗೆಯಲ್ಲಿ ಜಾನ್ ಟೊಶಾಕ್ ಬಲೆಗೆ ಹಾಕಿದ ಚೆಂಡನ್ನು ಆಫ್‌ಸೈಡ್ ಅಂತ ತಳ್ಳಿಹಾಕಿದರು. ಆದರೆ ಆ ಗೋಲು ಕೊಟ್ಟಿದ್ದರೆ ಟ್ರೋಫಿ ಲಿವರ್‌ಪೂಲ್ ತವರು ಆನ್‌ಫೀಲ್ಡ್‌ಗೆ ಹೋಗುತ್ತಿತ್ತು ಅನ್ನೋ ಮಾತು ಗೋಲ್ ಸರಾಸರಿ ಇದ್ದದ್ದರಿಂದ ಮಾತ್ರ ನಿಜ.

ಲೀಡ್ಸ್ ಕಥೆ ಸುಲಭ. 57 ಪಾಯಿಂಟ್, 72–29. ವುಲ್ವ್ಸ್ ಜೊತೆ ಎಂಥ ಡ್ರಾ ಆದರೂ ಸಾಕಿತ್ತು. 10–10 ಆಗಿದ್ದರೂ 82÷39, ಡರ್ಬಿಗಿಂತ ಕೂದಲೆಳೆ ಮೇಲೆ. ಆಗಿದ್ದು 2–1 ಸೋಲು: ಮನ್ರೋ, ಡೂಗನ್ ಹೊಡೆದರು, ಬ್ರೆಮ್ನರ್ ಒಂದು ತೀರಿಸಿದ. ಚೆಂಡು ಕೈಗೆ ತಾಗಿತು, ಪೆನಾಲ್ಟಿ ಕೊಡಿ ಅಂತ ಲೀಡ್ಸ್ ಕೇಳಿದ್ದು ಸಿಗಲಿಲ್ಲ.

3 ಪಾಯಿಂಟ್ ಲೆಕ್ಕ: ಡರ್ಬಿ 24 ಗೆಲುವು 10 ಡ್ರಾ, 82. ಲೀಡ್ಸ್, ಲಿವರ್‌ಪೂಲ್ ತಲಾ 24 ಗೆಲುವು 9 ಡ್ರಾ, 81. ಸಿಟಿ 23 ಗೆಲುವು 11 ಡ್ರಾ, 80. ಕ್ರಮ ಬದಲಾಗಲ್ಲ.

ಅಂಕಪಟ್ಟಿ_ಪ್ರಿಯ:
ಈಗ ಅರ್ಥ ಆಯ್ತು. ಆದರೆ ಲಿವರ್‌ಪೂಲ್ 3–2 ಗೆದ್ದಿದ್ದರೆ ಅಂತ ಹಾಕಿದೆ, ಎರಡೂ ಕಡೆ 2.09 ಬರ್ತಿದೆ. ಸಮಾನಾ?

ಹಳೇ_ಡಿವಿಷನ್:
ಅಲ್ಲ. ಎರಡು ದಶಮಾಂಶಕ್ಕೆ ನಿಲ್ಲಿಸಿದರೆ ಹೀಗೇ ಮೋಸ ಹೋಗ್ತೀವಿ. ಭಾಗಿಸಲೇಬೇಡಿ, ಅಡ್ಡ ಗುಣಿಸಿ: 67×33 = 2211, 69×32 = 2208. ಲಿವರ್‌ಪೂಲ್ ಮೇಲೆ. 4–3 ಹಾಕಿ ನೋಡಿ: 68×33 = 2244, 69×33 = 2277. ಡರ್ಬಿ ಮೇಲೆ! ಗೆದ್ದೂ ಟ್ರೋಫಿ ಕೈತಪ್ಪುತ್ತಿತ್ತು.

ಕಾರಣ ಇಷ್ಟೇ: ಸರಾಸರಿ 2ರ ಆಸುಪಾಸು ಇರುವ ತಂಡ ಒಂದು ಗೋಲು ಬಿಟ್ಟುಕೊಟ್ಟರೆ ಅದನ್ನು ಸರಿದೂಗಿಸಲು ಎರಡು ಹೊಡೆಯಬೇಕು. ಬಾಗಿಲು ಭದ್ರ ಮಾಡಿಕೊಂಡು 1–0 ಗೆಲ್ಲೋ ತಂಡಕ್ಕೆ ಈ ನಿಯಮ ಒಲಿಯುತ್ತಿತ್ತು. ನನ್ನ ಪ್ರಕಾರ ಅದನ್ನು ತೆಗೆದಿದ್ದು ಒಳ್ಳೆಯದೇ ಆಯ್ತು.

ಎಡಗಾಲು:
ಲೀಡ್ಸ್ ವಿಚಾರಕ್ಕೆ ಇನ್ನೊಂದು ಸೇರಿಸಬೇಕು, ಇದನ್ನು ಬಿಟ್ಟು ಆ ಋತುವನ್ನು ಅಳೆಯೋಕೆ ಆಗಲ್ಲ. 1971ರ ಏಪ್ರಿಲ್‌ನಲ್ಲಿ ವೆಸ್ಟ್ ಬ್ರಾಮ್ ವಿರುದ್ಧದ ಪಂದ್ಯದಲ್ಲಿ ಆಫ್‌ಸೈಡ್ ಜಗಳಕ್ಕೆ ಜನ ಲೀಡ್ಸ್ ತವರು ಎಲ್ಯಾಂಡ್ ರೋಡ್ ಮೈದಾನಕ್ಕೆ ನುಗ್ಗಿದರು. ಶಿಕ್ಷೆಯಾಗಿ ಮುಂದಿನ ಋತುವಿನ ಮೊದಲ ನಾಲ್ಕು ತವರು ಪಂದ್ಯಗಳನ್ನು ಬೇರೆ ಊರಲ್ಲಿ ಆಡಬೇಕಾಯ್ತು. ಹಡರ್ಸ್‌ಫೀಲ್ಡ್‌ನಲ್ಲಿ ವುಲ್ವ್ಸ್ ಜೊತೆ 0–0, ಹಲ್‌ನಲ್ಲಿ ಟಾಟನ್‌ಹ್ಯಾಮ್ ಜೊತೆ 1–1. ಉಳಿದೆರಡು ಗೆದ್ದರು. ಕಳೆದುಕೊಂಡಿದ್ದು 2 ಪಾಯಿಂಟ್, ಕೊನೆಗೆ ಕಮ್ಮಿ ಬಿದ್ದಿದ್ದು 1.

ಇನ್ನು ಮೇ 6ರ ಶನಿವಾರ ವೆಂಬ್ಲಿಯಲ್ಲಿ ಎಫ್‌ಎ ಕಪ್ ಫೈನಲ್, ಆರ್ಸೆನಲ್ ಮೇಲೆ 1–0, ಅಲನ್ ಕ್ಲಾರ್ಕ್ ಹೆಡರ್. ಆ ಗೋಲಿಗೆ ಚೆಂಡು ಕೊಟ್ಟ ಮಿಕ್ ಜೋನ್ಸ್ ಕೊನೆಗೆ ಮೊಣಕೈ ಕೀಲು ತಪ್ಪಿಸಿಕೊಂಡ. 48 ಗಂಟೆಯಲ್ಲಿ ಅವನಿಲ್ಲದೆ ವುಲ್ವ್ಸ್ ಮೈದಾನ ಮೊಲಿನೂಗೆ ಹೋಗಬೇಕು. ಹಾಗಂತ ಲೀಡ್ಸ್ ಒಂದಕ್ಕೇ ದಣಿವು ಅನ್ನಬೇಡಿ: ಆರ್ಸೆನಲ್ ಕೂಡ ಅದೇ ಫೈನಲ್ ಆಡಿ ಸೋಮವಾರ ಲಿವರ್‌ಪೂಲನ್ನು ಎದುರಿಸಿತು. ವುಲ್ವ್ಸ್ ಐದು ದಿನ ಮುಂಚೆ ಟಾಟನ್‌ಹ್ಯಾಮ್ ಎದುರು ಯುಇಎಫ್‌ಎ ಕಪ್ ಫೈನಲ್‌ನ ಮೊದಲ ಲೆಗ್ ಆಡಿತ್ತು.

ಬೇಸ್‌ಬಾಲ್_ಗ್ರೌಂಡ್:
ಡರ್ಬಿಯನ್ನು ಬರೀ ಅದೃಷ್ಟದ ತಂಡ ಅಂತ ತೀರ್ಮಾನಿಸಬೇಡಿ. ಮೇ 1ರ ಪಂದ್ಯ ಲಿವರ್‌ಪೂಲ್ ವಿರುದ್ಧವೇ. ರಾನಿ ವೆಬ್‌ಸ್ಟರ್‌ಗೆ ಗಾಯ, ಅವನ ಜಾಗದಲ್ಲಿ ರೈಟ್ ಬ್ಯಾಕ್ ಆಗಿ ಡರ್ಬಿ ಮ್ಯಾನೇಜರ್ ಬ್ರಯನ್ ಕ್ಲಫ್ ಇಳಿಸಿದ್ದು 16 ವರ್ಷದ ಸ್ಟೀವ್ ಪೊವೆಲ್‌ನನ್ನು. ಜಾನ್ ಮೆಕ್‌ಗವರ್ನ್ ಗೋಲಿನಿಂದ 1–0. ಆ ಪಂದ್ಯ ಡ್ರಾ ಆಗಿದ್ದರೆ ಡರ್ಬಿ 57ಕ್ಕೇ ನಿಲ್ಲುತ್ತಿತ್ತು, ಮೇಲಿನ ಯಾವ ಲೆಕ್ಕವೂ ಬೇಕಾಗುತ್ತಿರಲಿಲ್ಲ.

ಸಿಟಿ ಬಗ್ಗೆ ಯಾರೂ ಹೇಳಲಿಲ್ಲ. ಏಪ್ರಿಲ್ 22ಕ್ಕೆ ಡರ್ಬಿಯನ್ನೇ 2–0 ಸೋಲಿಸಿ ಪಟ್ಟಿಯ ತುದಿಗೇರಿತು, ಆದರೆ ಅದೇ ಅವರ 42ನೇ ಪಂದ್ಯ. ಫ್ರಾನ್ಸಿಸ್ ಲೀ 33 ಲೀಗ್ ಗೋಲು ಹೊಡೆದರೂ ಬಿಟ್ಟುಕೊಟ್ಟ 45ರಿಂದಾಗಿ ಸರಾಸರಿ 1.711. ಮೂವರು ಸಮನಾದಾಗ ನಾಲ್ಕನೇ ಸ್ಥಾನಕ್ಕೆ ಬಿದ್ದಿದ್ದು ಅದಕ್ಕೇ.

ಮೇ 8ರಂದು ಡರ್ಬಿ ಆಟಗಾರರು ಕ್ಲಫ್‌ನ ಸಹಾಯಕ ಪೀಟರ್ ಟೇಲರ್ ಜೊತೆ ಮಯೋರ್ಕಾದಲ್ಲಿದ್ದರು, ಕ್ಲಫ್ ಮನೆಯವರ ಜೊತೆ ಸಿಲಿ ದ್ವೀಪಗಳಲ್ಲಿ. ಕ್ಲಬ್ಬಿನ ಮೊದಲ ಲೀಗ್ ಪ್ರಶಸ್ತಿಯ ಸುದ್ದಿ ಅವರನ್ನು ಹುಡುಕಿಕೊಂಡು ಅಲ್ಲಿಗೇ ಹೋಯಿತು.